ನಾನು ನೆನೆದ ಜಲಪಾತ

ದೀಪಸ್ತಂಭದ ಎದುರಿನ ವಸತಿಗೃಹ
ಶನಿವಾರ, ಪ್ರವಾಸದ ಆರನೆಯ ದಿನ, ಸಂಜೆ ಐದು ಗಂಟೆ

ಪ್ರೀತಿಯ ಫೋಟೋದವರಿಗೆ,

‘ಪ್ರೀತಿಯ’ ಎನ್ನುವುದು ಅಭ್ಯಾಸಬಲದಿಂದ ಬಿದ್ದುಬಿಟ್ಟಿತು. ನಾವು ಬೇರೆಯಾಗಿ ನಾಲ್ಕು ವರ್ಷವಾದರೂ ಆ ಸುದ್ದಿ ನನ್ನ ಕೈಗೆ ಇನ್ನೂ ಮುಟ್ಟಿಲ್ಲವೆಂದು ಕಾಣುತ್ತದೆ. ಹೊಡೆದುಹಾಕಿದರೆ ಹಾಳೆ ಗಲೀಜಾಗುತ್ತದೆ. ಇರಲಿ ಬಿಡಿ.

ನಾನು ಎಲ್ಲಿದ್ದೇನೆ ಗೊತ್ತೇ? ಕಿಟಕಿ ತೆರೆದರೆ ಸಮುದ್ರ! ನಮ್ಮ ಪ್ರವಾಸ ಪುಸ್ತಿಕೆಯ ಮೂವತ್ತೊಂದನೆಯ ಪುಟದಲ್ಲಿ ನೀವು ಚಿತ್ರ ತೆಗೆದು, ನಾನು ಕೆಳಗೆ ಎರಡು ಸಾಲು ಬರೆದಿದ್ದೆನಲ್ಲ, ಅದೇ ದೀಪಸ್ತಂಭ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದೆ. ನಿಮ್ಮ ಚಿತ್ರದಲ್ಲಿ ಅದು ಬೆಳ್ಳಗೆ, ಒಂಟಿಯಾಗಿ, ಗಂಭೀರವಾಗಿ ನಿಂತಿತ್ತು. ಅದರ ಬುಡದಲ್ಲಿ ಹನ್ನೆರಡು ಮೇಕೆಗಳು ಮಲಗಿರುತ್ತವೆ ಎಂದು ನೀವು ಯಾಕೆ ಹೇಳಲಿಲ್ಲ?

ಮೊದಲಿನಿಂದ ಹೇಳುತ್ತೇನೆ, ತಾಳಿ. ಕಳೆದ ಸೋಮವಾರ ಬೆಳಗ್ಗೆ ನಮ್ಮ ಕಂಪನಿಯ ಗೈಡ್‌ಗೆ ಗಂಟಲು ಕಟ್ಟಿತು. ಬಾಯಿ ತೆರೆದರೆ ಬರೀ ಗಾಳಿ. ಹೊರಗೆ ಇಪ್ಪತ್ತಾರು ಜನ ಬಸ್ಸಿನಲ್ಲಿ ಕೂತಾಗಿದೆ. ಮಾಲೀಕರು ನನ್ನ ಮೇಜಿನ ಹತ್ತಿರ ಬಂದರು. “ಅಮ್ಮಾ, ಆ ಪುಸ್ತಿಕೆ ಪೂರ್ತಿ ಬರೆದಿರೋದು ನೀವೇ ಅಲ್ವಾ? ಬಾಯಿಪಾಠ ಇರ್ಬೇಕಲ್ಲ?”

“ಇದೆ,” ಎಂದೆ.

“ಹಾಗಾದ್ರೆ ಹತ್ತಿ ಬಸ್ಸು. ನೀವು ನೋಡದೇ ಇರೋ ಜಾಗ ಈ ರಾಜ್ಯದಲ್ಲಿ ಯಾವುದಿದೆ!”

ಹತ್ತೊಂಬತ್ತು ವರ್ಷ ರಾಜ್ಯದ ಮೂಲೆಮೂಲೆಯ ಬಗ್ಗೆ ಬರೆದವಳು ತನ್ನ ಊರಿನಾಚೆ ಒಂದನ್ನೂ ಕಣ್ಣಾರೆ ಕಂಡಿಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಹೇಳಲಿಲ್ಲ. ಮಗಳಿಗೆ ಫೋನ್ ಮಾಡಿ, ಎರಡು ಸೀರೆ ತರಿಸಿಕೊಂಡು ಹತ್ತಿಬಿಟ್ಟೆ.

ಮೊದಲ ದಿನ ರಾಜಧಾನಿ. ಹುಟ್ಟಿದ ಊರು, ಧೈರ್ಯವಿತ್ತು. ಗಡಿಯಾರ ಗೋಪುರದ ಮುಂದೆ ನಿಂತು, “ನೂರ ಅರವತ್ತನಾಲ್ಕು ಮೆಟ್ಟಿಲು” ಎಂದು ಮೈಕಿನಲ್ಲಿ ಘೋಷಿಸಿದೆ. ಮೇಲೆ ತಲುಪುವಷ್ಟರಲ್ಲಿ ನಿವೃತ್ತ ಭೂಗೋಳದ ಟೀಚರೊಬ್ಬರು ಏದುಸಿರು ಬಿಡುತ್ತಾ, “ನೂರ ಎಪ್ಪತ್ತೊಂದು ಇದೆ. ಏಳು ಎಲ್ಲಿ ಕಳೆದುಕೊಂಡ್ರಿ?” ಎಂದರು. ನಾನೆಲ್ಲಿ ಕಳೆಯಲಿ, ಸ್ವಾಮಿ? ಚಿತ್ರದ ಹಿಂದೆ ಆ ಲೆಕ್ಕ ಬರೆದುಕೊಟ್ಟವರು ನೀವು! ಆದರೆ ಮೇಲಿಂದ ನೋಡಿದಾಗ ಕೋಪವೆಲ್ಲ ಎಲ್ಲೋ ಹೋಯಿತು. ನಮ್ಮ ಮಾರುಕಟ್ಟೆಯ ತಗಡಿನ ಮಾಡುಗಳು, ಅದರಾಚೆ ಕೆರೆ, ಕೆರೆಯ ಏರಿಯ ಮೇಲೆ ಇರುವೆಯ ಹಾಗೆ ಸೈಕಲ್‌ಗಳು. ನಮ್ಮ ಮನೆಯ ನೀರಿನ ತೊಟ್ಟಿ ಕೂಡ ಕಂಡಿತು. ಐವತ್ಮೂರು ವರ್ಷ ಈ ಊರನ್ನು ಕೆಳಗಿನಿಂದಲೇ ನೋಡಿದ್ದೆ.

ಮ್ಯೂಸಿಯಮ್ಮಿನ ತಿಮಿಂಗಿಲದ ಅಸ್ಥಿಪಂಜರಕ್ಕೆ ನಾನು ‘ಆಕರ್ಷಕ’ ಎಂದು ಬರೆದಿದ್ದೆ. ಅದರ ಪಕ್ಕೆಲುಬಿನ ಕೆಳಗೆ ನಿಂತಾಗ ನಾಚಿಕೆಯಾಯಿತು. ಆಕರ್ಷಕವಂತೆ! ನಮ್ಮ ಮೂರು ಕೋಣೆಯ ಮನೆಯನ್ನು ಇಡಿಯಾಗಿ ಅದರ ಹೊಟ್ಟೆಯೊಳಗೆ ಇಡಬಹುದು. ಆಕರ್ಷಕ, ಮನಮೋಹಕ, ರಮಣೀಯ: ಈ ಮೂರು ಪದಗಳನ್ನೇ ಮೂರು ಸೀರೆಗಳ ಹಾಗೆ ಸರದಿಯಲ್ಲಿ ಉಡಿಸಿ ಇಡೀ ರಾಜ್ಯದ ಮಾನ ಕಾಪಾಡಿದ್ದೇನೆ ಹತ್ತೊಂಬತ್ತು ವರ್ಷ.

ಎರಡನೆಯ ದಿನ ಬೆಟ್ಟದ ದಾರಿ. ನನ್ನ ಹೊಟ್ಟೆಗೆ ತಿರುವುಗಳು ಆಗುವುದಿಲ್ಲ. ಐದನೆಯ ತಿರುವಿಗೇ ಬಸ್ಸು ನಿಲ್ಲಿಸಿ ಇಳಿದು ಓಡಿದೆ. ಒಂದು ಸಲವಲ್ಲ, ಮೂರು ಸಲ. ಪ್ರವಾಸಿಗರು ಚೆನ್ನಾಗಿದ್ದಾರೆ, ಗೈಡ್ ರಸ್ತೆ ಬದಿಯಲ್ಲಿ! ನಮ್ಮ ಡ್ರೈವರ್ ದಪ್ಪ ಮೀಸೆಯ ಮನುಷ್ಯ. “ಅಮ್ಮಾ, ಮುಂದಿನ ಸೀಟಲ್ಲಿ ಕೂತ್ಕೊಂಡು ದೂರದ ರಸ್ತೆ ನೋಡ್ತಾ ಮಾತಾಡ್ತಾನೇ ಇರಿ. ಮಾತಾಡೋವಾಗ ಯಾರಿಗೂ ವಾಂತಿ ಬರಲ್ಲ,” ಎಂದರು. ಅಲ್ಲಿಂದ ಮೇಲೆ ಎರಡು ಗಂಟೆ ನಾನು ಬಾಯಿ ಮುಚ್ಚಲಿಲ್ಲ. ಪುಸ್ತಿಕೆ ಮುಗಿದ ಮೇಲೆ ನಮ್ಮ ಆಫೀಸಿನ ಕಥೆ ಹೇಳಿದೆ, ಅದೂ ಮುಗಿದ ಮೇಲೆ ಮಗಳು ಚಿಕ್ಕವಳಿದ್ದಾಗ ನಿಮ್ಮ ಫಿಲ್ಮ್ ರೋಲನ್ನೆಲ್ಲ ಎಳೆದು ತಲೆಗೆ ರಿಬ್ಬನ್ ಕಟ್ಟಿಕೊಂಡ ಕಥೆ ಹೇಳಿದೆ. ಬಸ್ಸೆಲ್ಲ ಬಿದ್ದು ಬಿದ್ದು ನಕ್ಕಿತು. ವಾಂತಿ ಮತ್ತೆ ಬರಲೇ ಇಲ್ಲ!

ಆಮೇಲೆ ಜಲಪಾತ.

ನಿಮ್ಮ ಚಿತ್ರದಲ್ಲಿ ಅದು ಕಪ್ಪು ಬಂಡೆಯ ಮೇಲೆ ಇಳಿಬಿಟ್ಟ ಬಿಳಿ ದಾರ. ಸದ್ದಿಲ್ಲ, ತೇವವಿಲ್ಲ. ನಾನು ಮೈಕ್ ಹಿಡಿದು ತಿರುವು ದಾಟಿದೆ ನೋಡಿ, ನೆಲವೇ ಕಾಲಿನ ಕೆಳಗೆ ಗುಡುಗುತ್ತಿತ್ತು. ನೀರು ಕೆಳಗೆ ಬಿದ್ದು, ಪುಡಿಯಾಗಿ, ಮತ್ತೆ ಮೇಲಕ್ಕೆದ್ದು ನಮ್ಮ ಮುಖಕ್ಕೆ ರಾಚುತ್ತಿತ್ತು. ಎರಡು ನಿಮಿಷದಲ್ಲಿ ಕೂದಲು, ಸೀರೆ, ಕನ್ನಡಕ ಎಲ್ಲ ತೊಪ್ಪೆ. ಇಪ್ಪತ್ತಾರು ಜನ ನನ್ನ ಮುಖ ನೋಡುತ್ತಿದ್ದಾರೆ, ನಾನು ಮೈಕ್ ಆರಿಸಿ ಸೆರಗಿನಲ್ಲಿ ಸುತ್ತಿಕೊಳ್ಳುತ್ತಿದ್ದೇನೆ. ಎಷ್ಟೋ ವರ್ಷಗಳಿಂದ ಬರೆಯುತ್ತಾ, ಮನಸ್ಸಿನಲ್ಲೇ ನೆನೆಯುತ್ತಾ ಬಂದ ಜಲಪಾತದಲ್ಲಿ ನಾನು ನಿಜವಾಗಿ ನೆನೆದುಬಿಟ್ಟಿದ್ದೆ. ಸುಮ್ಮನೆ ಅತ್ತೆ. ಹೇಗೂ ಮುಖ ಒದ್ದೆಯೇ ಇತ್ತಲ್ಲ, ಯಾರಿಗೂ ತಿಳಿಯಲಿಲ್ಲ.

ಭೂಗೋಳದ ಟೀಚರಿಗೆ ಮಾತ್ರ ತಿಳಿಯಿತು. ಕಿವಿಯ ಹತ್ತಿರ ಬಂದು, “ಮೊದಲನೇ ಸಲನಾ?” ಎಂದು ಕೂಗಿದರು. ಹೌದೆಂದು ತಲೆಯಾಡಿಸಿದೆ. ಕೆಲಸ ಹೋಯಿತು ಎಂದುಕೊಂಡೆ. ಅವರು ನನ್ನ ಕೈ ಹಿಡಿದು, “ನಾನು ಮೂವತ್ತು ವರ್ಷ ಜ್ವಾಲಾಮುಖಿ ಪಾಠ ಮಾಡಿದೀನಿ, ಕಣ್ರೀ. ಒಂದನ್ನೂ ನೋಡಿಲ್ಲ!” ಎಂದರು.

ನಿಜವಾದ ಪರೀಕ್ಷೆ ಬಂದದ್ದು ನಾಲ್ಕನೆಯ ದಿನ, ಬಯಲುಸೀಮೆಯಲ್ಲಿ. ಸುಣ್ಣಕಲ್ಲಿನ ಗುಹೆ ನೋಡಲೆಂದೇ ಅರ್ಧ ಜನ ಬಂದಿದ್ದರು. ಐದು ಗಂಟೆ ಬಿಸಿಲಿನಲ್ಲಿ ಪ್ರಯಾಣ ಮಾಡಿ ಹೋದರೆ ಬಾಗಿಲಿಗೆ ಬೀಗ. ದುರಸ್ತಿ ನಡೆಯುತ್ತಿದೆಯಂತೆ. ಬಸ್ಸಿನಲ್ಲಿ ಕೂಗಾಟ ಶುರುವಾಯಿತು. ಹಿಂದಿನ ಸೀಟಿನ ದರ್ಜಿಯವರು, “ಪುಸ್ತಕದಲ್ಲಿ ‘ವರ್ಷವಿಡೀ ತೆರೆದಿರುತ್ತದೆ’ ಅಂತ ಬರೆದವರು ಯಾರ್ರೀ, ಸಿಕ್ಕಿದ್ರೆ ಕೇಳ್ಬೇಕು,” ಎಂದು ಎದ್ದು ನಿಂತರು. ಬರೆದವಳು ಎದುರಿಗೇ ನಿಂತಿದ್ದೆ.

ಡ್ರೈವರ್ ಮೆಲ್ಲಗೆ ಹೇಳಿದರು, ಅರ್ಧ ಗಂಟೆ ದೂರದಲ್ಲಿ ಒಂದು ಉಪ್ಪುನೀರಿನ ಕೆರೆ ಇದೆ, ಯಾರೂ ಹೋಗುವುದಿಲ್ಲ, ಪುಸ್ತಿಕೆಯಲ್ಲೂ ಇಲ್ಲ. ಹೋದೆವು. ದಿಬ್ಬ ಹತ್ತಿ ನಿಂತರೆ, ಅಯ್ಯೋ, ಕೆರೆಯೇ ಗುಲಾಬಿ! ನೀರಲ್ಲ, ಹಕ್ಕಿಗಳು. ಸಾವಿರಾರು, ಒಂಟಿ ಕಾಲಿನಲ್ಲಿ. ಒಂದು ಎದ್ದಿತು, ಅದರ ಹಿಂದೆ ನೂರು, ಅದರ ಹಿಂದೆ ಇಡೀ ಕೆರೆಯೇ ಎದ್ದು ಹೋದಂತಾಯಿತು.

ಎಲ್ಲರೂ ನನ್ನ ಕಡೆ ತಿರುಗಿದರು, ವಿವರಣೆಗೆ. ಏನನ್ನಿಸಿತೋ, ಮೈಕಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ: “ಇದರ ಬಗ್ಗೆ ನನಗೇನೂ ಗೊತ್ತಿಲ್ಲ. ಆ ಪುಸ್ತಿಕೆ ಬರೆದವಳು ನಾನೇ. ನಮ್ಮೂರು ಬಿಟ್ರೆ ಅದರಲ್ಲಿರೋ ಯಾವ ಜಾಗಾನೂ ಇಲ್ಲೀತನಕ ನೋಡಿರ್ಲಿಲ್ಲ. ನಿಮ್ಮ ಜೊತೇಲೇ ನೋಡ್ತಾ ಇದೀನಿ.”

ದರ್ಜಿಯವರು ನನ್ನನ್ನೇ ದಿಟ್ಟಿಸಿದರು. ಆಮೇಲೆ, “ಹಾಗಾದ್ರೆ ನೀವೂ ನಮ್ಮ ಥರಾನೇ ಬಂದವರು ಬಿಡಿ. ಈ ಕಡೆ ಬನ್ನಿ, ಇಲ್ಲಿಂದ ಚೆನ್ನಾಗಿ ಕಾಣುತ್ತೆ,” ಎಂದು ಜಾಗ ಬಿಟ್ಟುಕೊಟ್ಟರು! ಎರಡು ಗಂಟೆ ಯಾರೂ ಬಸ್ಸು ಹತ್ತಲಿಲ್ಲ. ಮಾಲೀಕರಿಗೆ ನಾನೇ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ. ಬೈದರು. ಮರುದಿನ ಅವರೇ ಮತ್ತೆ ಫೋನ್ ಮಾಡಿ, ದರ್ಜಿಯವರ ಮನೆಯಿಂದ ಇನ್ನೂ ಎಂಟು ಜನ ಮುಂದಿನ ಪ್ರವಾಸಕ್ಕೆ ಹೆಸರು ಕೊಟ್ಟಿದ್ದಾರೆ, ಗೈಡ್ ಆ ಅಮ್ಮನೇ ಆಗಬೇಕಂತೆ ಎಂದರು. ನಾನು ದೊಡ್ಡ ಗತ್ತಿನಲ್ಲಿ, ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಫೋನ್ ಇಟ್ಟು ಕೋಣೆಯಲ್ಲಿ ಒಬ್ಬಳೇ ಕುಣಿದೆ.

ಈಗ ಇವತ್ತಿನ ವಿಷಯ. ಇದನ್ನು ಬರೆಯಲೆಂದೇ ಕೂತದ್ದು.

ಬೆಳಗ್ಗೆ ದೋಣಿಯಲ್ಲಿ ದ್ವೀಪಕ್ಕೆ ಹೊರಟೆವು. ದೋಣಿಯವರಿಗೆ ವಯಸ್ಸಾಗಿದೆ. ನನ್ನ ಕೈಯಲ್ಲಿದ್ದ ಪುಸ್ತಿಕೆಯ ದೀಪಸ್ತಂಭ ನೋಡಿ, “ಇದನ್ನ ತೆಗೆದವರು ನನ್ನ ದೋಣೀಲೇ ಕೂತಿದ್ರು,” ಎಂದರು. ನಾನು ಯಾರೆಂದು ಹೇಳಲಿಲ್ಲ. ಹೇಗಿದ್ದರು ಅವರು ಎಂದು ಕೇಳಿದೆ.

“ಮಾತು ಕಡಿಮೆ. ಏನಾದ್ರೂ ಚೆನ್ನಾಗಿರೋದು ಕಂಡ್ರೆ, ‘ನನಗೆ ಹೇಳೋಕೆ ಬರಲ್ಲ, ಮನೇಲಿ ನನ್ನ ಹೆಂಡ್ತಿ ಇದಾಳೆ, ಅವಳು ಹೇಳ್ತಾಳೆ’ ಅಂತಿದ್ರು. ಮುಂದಿನ ಸಲ ಕರ್ಕೊಂಡು ಬರ್ತೀನಿ ಅಂದ್ರು. ಮೂರು ವರ್ಷ ಹಾಗೇ ಅಂದ್ರು. ಬರ್ಲೇ ಇಲ್ಲ, ನೋಡಿ.”

ನಾನು ಸಮುದ್ರದ ಕಡೆ ತಿರುಗಿ ಕೂತೆ.

ನನ್ನ ಅಕ್ಕನಿಗೆ, ಮಗಳಿಗೆ, ನೆರೆಮನೆಯವರಿಗೆ, ಎಲ್ಲರಿಗೂ ನಾನು ಹೇಳಿದ್ದು ಒಂದೇ: ಊರೂರು ತಿರುಗಿದ ಮನುಷ್ಯ ಒಂದು ದಿನ ‘ಬಾ’ ಅನ್ನಲಿಲ್ಲ. ಸುಳ್ಳು. ನೀವು ಮೂರು ಸಲ ಕರೆದಿರಿ. ಮೊದಲ ಸಲ ಮಗಳಿಗೆ ಜ್ವರ ಎಂದೆ; ಜ್ವರವಿರಲಿಲ್ಲ. ಎರಡನೆಯ ಸಲ ಅಕ್ಕ ಬರುತ್ತಾಳೆ ಎಂದೆ, ಅಕ್ಕ ಬರುವವಳಿರಲಿಲ್ಲ. ಮೂರನೆಯ ಸಲ, ಅಲೆಯುವುದಕ್ಕೆ ನನಗೇನು ಬೇರೆ ಕೆಲಸವಿಲ್ಲವೇ ಎಂದೆ. ಬಸ್ಸಿನಲ್ಲಿ ಎಲ್ಲರೆದುರು ವಾಂತಿ ಮಾಡಿಕೊಳ್ಳುವ ಭಯ ಅದು, ಅಷ್ಟೇ. ಹೇಳಿಕೊಳ್ಳಲು ನಾಚಿಕೆ. ನಾಲ್ಕನೆಯ ಸಲ ನೀವು ಕರೆಯಲಿಲ್ಲ. ಆ ನಾಲ್ಕನೆಯದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಹನ್ನೆರಡು ವರ್ಷ ಜಗಳವಾಡಿದೆ.

ನಿಮ್ಮದೂ ತಪ್ಪಿದೆ, ಅದನ್ನು ಬಿಡುವವಳಲ್ಲ. ಊರಿಂದ ಬಂದು ಚಿತ್ರಗಳನ್ನು ಮೇಜಿನ ಮೇಲೆ ಹಾಕಿ, ‘ನೋಡು, ಗೊತ್ತಾಗುತ್ತೆ’ ಎಂದು ಮಲಗಿಬಿಡುತ್ತಿದ್ದಿರಿ. ನನಗೆ ಗೊತ್ತಾಗುತ್ತಿರಲಿಲ್ಲ. ಅಲ್ಲಿ ಗಾಳಿ ಹೇಗಿತ್ತು, ನೀವು ಎಲ್ಲಿ ಜಾರಿದಿರಿ, ಯಾರು ನಿಮಗೆ ನೀರು ಕೊಟ್ಟರು, ಇದನ್ನೆಲ್ಲ ಕೇಳಬೇಕೆಂದು ನಾನು ಕಾಯುತ್ತಿದ್ದೆ. ದೋಣಿಯವರ ಹತ್ತಿರ ಹೆಂಡತಿಯನ್ನು ಹೊಗಳಲು ಬಂದ ಬಾಯಿ ಹೆಂಡತಿಯ ಎದುರು ಯಾಕೆ ಕಟ್ಟಿಹೋಗುತ್ತಿತ್ತು?

ಮಗಳು ಹೇಳಿದಳು, ಈಗ ಸ್ಟುಡಿಯೋದಲ್ಲಿ ಕೂತು ಬರೀ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ತೆಗೆಯುತ್ತಿದ್ದೀರಂತೆ. ಕೇಳಿ ಸಂಕಟವಾಯಿತು. ಕೆಳಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾರೆ. ಸೂರ್ಯಾಸ್ತಕ್ಕೆ ಎಲ್ಲರನ್ನೂ ಬಂಡೆಯ ಹತ್ತಿರ ಕರೆದುಕೊಂಡು ಹೋಗಬೇಕು. ಅದಕ್ಕೆ ‘ರಮಣೀಯ’ ಎಂದು ಬರೆದಿದ್ದೆ. ನೋಡೋಣ.

ಇಂತು,
ನಿಮ್ಮ ಚಿತ್ರಗಳ ಕೆಳಗೆ ಎರಡು ಸಾಲು ಬರೆಯುತ್ತಿದ್ದವಳು

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ತಳ್ಳಿದ್ದು: ಹದಿನಾಲ್ಕರಂದು ವಕೀಲರ ಕಚೇರಿಯಲ್ಲಿ ವಿಚ್ಛೇದನದ ಕಾಗದಕ್ಕೆ ಇಬ್ಬರೂ ಸಹಿ ಹಾಕುವುದೆಂದು ಮಾತಾಗಿತ್ತು. ಮುಂದಿನ ಪ್ರವಾಸ ಹೊರಡುವುದೂ ಹದಿನಾಲ್ಕಕ್ಕೇ. ದಿನಾಂಕ ಗೊತ್ತಿದ್ದೇ ಇವತ್ತು ಮಧ್ಯಾಹ್ನ ಫೋನ್ ಮಾಡಿ ಒಪ್ಪಿಕೊಂಡೆ. ಗೈಡ್ ಪಕ್ಕದ ಸೀಟನ್ನು ಯಾರಿಗೂ ಕೊಡಬಾರದೆಂದು ಕಂಪನಿಯ ನಿಯಮ. ಮಾಲೀಕರನ್ನು ಕಾಡಿಬೇಡಿ ಅದಕ್ಕೆ ನಿಮ್ಮ ಹೆಸರು ಬರೆಸಿದ್ದೇನೆ. ಬಸ್ಸು ಬೆಳಗ್ಗೆ ಆರೂವರೆಗೆ. ಬರುವುದಿಲ್ಲವಾದರೆ ವಕೀಲರಿಗೆ ನೀವೇ ತಿಳಿಸಿ. ಬರುವುದಾದರೂ ನೀವೇ ತಿಳಿಸಿ. ಆ ಹೊತ್ತಿಗೆ ನಾನು ಮೈಕ್ ಹಿಡಿದಿರುತ್ತೇನೆ.