ಮಣೆ ಮಂದಿ ಬೇಡುವ ಸುಳ್ಳು

ಕ್ರಿ.ಶ. ೨೨೧೭, ಉರಿತಿಂಗಳ ನಲವತ್ತನೇ ದಿನ
ಬೂದಗಡ್ಡೆ, ಕೃಷ್ಣೆಯ ನಡುಗಡ್ಡೆ

ಇನ್ನೂ ನಗುತ್ತಿರುವ ಹಿರಿಯರಿಗೆ,

ಸಾಬಮ್ಮ ಬರೆಯುವುದು. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಬರವಣಿಗೆಯನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು. ಉರಿತಿಂಗಳು ಎಂದರೆ, ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ಸರ್ಕಾರ ಸೇರಿಸಿದ ಹದಿಮೂರನೆಯದು. ಹೀಗೆ ಹಿಂದಿನ ಕಾಲಕ್ಕೆ ಹೋಗುವ ಪತ್ರಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಜೀವಮಾನದಲ್ಲಿ ಒಬ್ಬರಿಗೆ ಒಂದೇ ಸಲ ಅವಕಾಶ. ಅದೂ ಈಗ ಬದುಕಿರುವ ಯಾರೂ ಹುಟ್ಟಿರದ ಕಾಲಕ್ಕೆ ಮಾತ್ರ ತಲುಪುತ್ತದೆ. ಇಲ್ಲದಿದ್ದರೆ ಹೋದ ತಿಂಗಳಿನ ನನಗೇ ಬರೆದುಕೊಳ್ಳುತ್ತಿದ್ದೆ, ನಿಮ್ಮ ಸಹವಾಸ ನನಗೇಕೆ ಬೇಕಿತ್ತು?

ನಮ್ಮ ಗಡ್ಡೆ ನಿಮಗೆ ಗೊತ್ತಿಲ್ಲದಿದ್ದರೂ ಅದರ ಮೇಲಿನ ನಗೆಹನಿ ಗೊತ್ತಿರುತ್ತದೆ. ಸುತ್ತ ನೀರು, ದಾಟಲು ಹರಿಗೋಲು. ಗಾಳಿ ಎದುರಾದರೆ ಅರ್ಧ ದಿನ ಹುಟ್ಟು ಹಾಕಬೇಕು. ಹಾಗೆ ಬಿಸಿಲು ತಿಂದು ಬಂದವರನ್ನು ಮಣೆ ಹಾಕಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಮಳೆ ಬೆಳೆ ದನಕರು ಎಲ್ಲ ಮಾತಾಡಿ, ಆಮೇಲೆ ಬಂದ ಕೆಲಸ ಕೇಳುವುದು ನಮ್ಮ ರೂಢಿ. ಅಷ್ಟಕ್ಕೇ ದಂಡೆಯ ಜನ ನಮ್ಮನ್ನು ಮಣೆ ಮಂದಿ ಎಂದರು. ನಾವೂ ಸುಮ್ಮನಿರಲಿಲ್ಲ, ಅವರನ್ನು ಬಿಸಿಗಾಲಿನವರು ಎಂದೆವು. ನಮ್ಮ ಮನೆಗೆ ಬೆಂಕಿ ಬಿದ್ದರೆ ಮೊದಲು ಬೆಂಕಿಗೇ ಮಣೆ ಹಾಕುತ್ತೇವೆಂದು ನೀವು ಬರೆದು ಒಬ್ಬರಿಗೊಬ್ಬರು ಕಳಿಸಿಕೊಂಡಿರಿ. ಚೆನ್ನಾಗಿದೆ, ಚಿಕ್ಕಂದಿನಲ್ಲಿ ನಾನೂ ನಕ್ಕಿದ್ದೇನೆ. ಆದರೆ ಬೆಂಕಿ ಬಿದ್ದಾಗ ನಾವು ಕೊಡ ಹಿಡಿದು ಓಡುತ್ತಿದ್ದೆವು. ನೀವು ಬಂದಾಗಲೆಲ್ಲ ಅತಿಥಿಗಳಾಗಿ ಬಂದಿರಿ, ಹಾಗಾಗಿ ನಾವು ಕೂತಿದ್ದನ್ನಷ್ಟೇ ಕಂಡಿರಿ.

ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಎಣಿಗ ಬಂತು. ಯಾವ ಸೀಮೆಯವರ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಸರ್ಕಾರಿ ನೌಕರರಿಗೆ ಹೇಳಿಕೊಡುವ ಯಂತ್ರ. ಕಲಿಯುವುದಕ್ಕೆ ಅದು ನಮ್ಮೂರಿಗೇನೂ ಬರಲಿಲ್ಲ, ನೀವು ಬರೆದಿಟ್ಟದ್ದನ್ನು ಓದಿತು. ನಮ್ಮ ಬಗ್ಗೆ ನೀವು ನಗೆಹನಿ ಬಿಟ್ಟರೆ ಬೇರೇನು ಬರೆದಿದ್ದಿರಿ? ಎಣಿಗಕ್ಕೆ ನಗು ಬರುವುದಿಲ್ಲ, ಎಲ್ಲವನ್ನೂ ನಂಬಿತು. ಪ್ರತಿ ಸೀಮೆಗೂ ಒಂದು ಊರಗುಣ ನಿಗದಿಯಾಯಿತು. ನಮ್ಮದು ನಿಧಾನ, ಅವಸರ ಮಾಡಿದರೆ ಅವಮಾನವೆಂದು ತಿಳಿಯುವ ಜನ. ನಮ್ಮನ್ನು ಗೌರವಿಸಲೆಂದೇ ಕಾನೂನು ಮಾಡಿದರು. ಹಾರುದಾದಿಯರು, ಅಂದರೆ ಆಕಾಶದಿಂದ ಬಂದಿಳಿಯುವ ನರ್ಸುಗಳು, ಊರಗುಣದಂತೆ ನಡೆದುಕೊಳ್ಳುವ ತನಕ ಅವರ ಮದ್ದಿನ ಪೆಟ್ಟಿಗೆಯ ಬೀಗ ತೆರೆಯುವುದಿಲ್ಲ. ಒಡೆದರೆ ಒಳಗಿನ ಮದ್ದು ಸುಟ್ಟುಹೋಗುತ್ತದೆ.

ಹೋದ ತಿಂಗಳು ನನ್ನ ಗಂಡ ತಾಯಪ್ಪ ಮಗುಚಿಟ್ಟಿದ್ದ ಹರಿಗೋಲನ್ನು ಎತ್ತಿದ. ಕೆಳಗೆ ಹಾವಿತ್ತು. ಅವನನ್ನು ಹೊತ್ತು ತಂದು ಪಡಸಾಲೆಯಲ್ಲಿ ಮಲಗಿಸುವಷ್ಟರಲ್ಲಿ ಹಾರುದಾದಿ ಬಾಗಿಲಲ್ಲಿದ್ದಳು, ಸಂಹಿತಾ ಎಂಬ ಚಿಕ್ಕ ವಯಸ್ಸಿನವಳು. ಅಷ್ಟು ಬೇಗ ಬಂದಿದ್ದಳು. "ಒಳಗ ಬಾರವ್ವ, ಮದ್ಲು ಸೂಜಿ ಮಾಡವ್ವ!" ಎಂದು ನಾನು ಅವಳ ಕೈ ಹಿಡಿದು ಎಳೆದೆ. ಅವಳು ಪೆಟ್ಟಿಗೆಯ ಬೀಗ ತೋರಿಸಿದಳು. ಅದರ ಕೆಂಪು ದೀಪ ಉರಿಯುತ್ತಿತ್ತು. "ಅಮ್ಮಾ, ಮೊದಲು ಮಣೆ ಹಾಕಿ. ಬೇಗ ಹಾಕಿ" ಎಂದಳು.

ಹಾಕಿದೆ. ಬೆಲ್ಲ ನೀರು ಕೊಟ್ಟೆ. ಗಟಗಟ ಕುಡಿದದ್ದಕ್ಕೆ ಪೆಟ್ಟಿಗೆ ಒಪ್ಪಲಿಲ್ಲ, ಇನ್ನೊಂದು ಲೋಟ ತರಿಸಿ ಗುಟುಕು ಗುಟುಕಾಗಿ ಕುಡಿದಳು. ಆಮೇಲೆ ದನಕರು ವಿಚಾರಿಸಬೇಕಂತೆ, ಅದೂ ಮನೆಯ ಯಜಮಾನನನ್ನೇ. "ಎಮ್ಮೆ ಹೇಗಿದೆ ಯಜಮಾನರೇ?" ಎಂದು ಆ ಹುಡುಗಿ ಅಳುತ್ತ ಕೇಳಿದಳು. ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ನನ್ನ ಗಂಡ ಗಡ್ಡೆಯವನು, ಮನೆಗೆ ಬಂದವರಿಗೆ ಅರ್ಧ ಉತ್ತರ ಕೊಟ್ಟು ಗೊತ್ತೇ ಇಲ್ಲದವನು. ನಾಲಿಗೆ ದಪ್ಪವಾಗಿತ್ತು, ರೆಪ್ಪೆಗಳು ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. "ಚೆಂದದ ತಂಗಿ. ಮೊನ್ನಿ ಹೆಣ್ಣುಗರ ಹಾಕ್ಯಾದ. ಗಿಣ್ಣ ಮಾಡ್ಯಾರ, ಉಂಡು ಹೋಗು" ಎಂದ. "ಸಾಕು ಸುಮ್ಕಿರು!" ಎಂದು ನಾನು ಚೀರಿದೆ. ಅವನು ನನ್ನತ್ತ ಬೇಸರದಿಂದ ನೋಡಿದ, ಬಂದವರ ಎದುರು ಹೀಗಾ ಮಾತಾಡುವುದು ಎಂಬಂತೆ. ಮತ್ತೆ ಅವಳತ್ತ ತಿರುಗಿ "ನಿಮ್ಮ ಕಡಿ ಮಳಿ ಹ್ಯಾಂಗದವ್ವ?" ಎಂದು ಕೇಳಿದ. ಕೇಳಿದ ಮೇಲೆ ಅವಳು ಉತ್ತರಿಸಲೇಬೇಕಾಯಿತು. ಉತ್ತರಿಸಿದಳು. ಜೋಳ ಹೇಗಿದೆ ಎಂದು ಕೇಳಿದಳು. ತಾಯಪ್ಪ ಮಾತಾಡಲಿಲ್ಲ. ಪೆಟ್ಟಿಗೆ ಅವನ ಉತ್ತರಕ್ಕಾಗಿ ಕಾಯುತ್ತಲೇ ಇತ್ತು.

ವಿಚಾರಣೆ ನಡೆಯಿತು. ಊರಗುಣಕ್ಕೆ ತಕ್ಕ ಗೌರವದೊಂದಿಗೆ ಸಾವು ಸಂಭವಿಸಿದೆ ಎಂದು ತೀರ್ಮಾನ ಬಂತು. ಸಂಹಿತಾಳಿಗೆ ಪ್ರಶಸ್ತಿ ಕೊಟ್ಟರು. ಅವಳು ಅದನ್ನು ತಂದು ನಮ್ಮ ಹೊಸ್ತಿಲ ಮೇಲಿಟ್ಟು ಹೋದಳು; ಈಗ ತಿಪ್ಪೆಯಲ್ಲಿದೆ. ಊರಗುಣ ಬದಲಿಸಿ ಎಂದು ನಾನು ಕಚೇರಿಗೆ ಹೋಗಿ ಕೂಗಾಡಿದೆ, ಮೇಜು ಗುದ್ದಿದೆ. ಅಲ್ಲಿದ್ದವನು ಕುರ್ಚಿ ಸರಿಸಿ ನೆಲದ ಮೇಲೆ ನನಗೊಂದು ಮಣೆ ಹಾಕಿದ. "ನಿಧಾನವಾಗಿ ಹೇಳಿ ಅಮ್ಮ, ನಮಗೇನೂ ಅವಸರವಿಲ್ಲ" ಎಂದ. ಅವನ ಮುಖಕ್ಕೆ ಉಗಿದು ಬಂದೆ. ಗಡ್ಡೆಯವರು ಹಾಗೆಲ್ಲ ದುಡುಕುವವರಲ್ಲವೆಂದು ಎಣಿಗ ಅದನ್ನೂ ನಂಬಲಿಲ್ಲವಂತೆ.

ಆದ್ದರಿಂದ ನಿಮ್ಮಲ್ಲಿ ಒಂದು ಕೇಳಿಕೆ. ನಮ್ಮ ಬಗ್ಗೆ ಒಳ್ಳೆಯದು ಬರೆಯಬೇಡಿ. ಅತಿಥಿಸತ್ಕಾರ, ನೆಮ್ಮದಿಯ ಬದುಕು ಎಂದು ಹೊಗಳಿ ಇನ್ನೊಬ್ಬರನ್ನು ಕೊಲ್ಲಬೇಡಿ. ಸುಳ್ಳು ಬರೆಯಿರಿ, ಇವತ್ತೇ ಬರೆದು ಹಂಚಿ. ಬೂದಗಡ್ಡೆಯವರು ಕಳ್ಳರು, ಮನೆಗೆ ಬಂದವರ ಕಿಸೆ ಕತ್ತರಿಸುತ್ತಾರೆ, ಅಲ್ಲಿ ಕ್ಷಣವೂ ಕೂರಬಾರದು ಎಂದು ಬರೆಯಿರಿ. ನಮ್ಮ ಮಕ್ಕಳು ಶಾಲೆಯಲ್ಲಿ ಆ ಹೆಸರು ಕೇಳಿ ಅಳಲಿ, ಪರವಾಗಿಲ್ಲ. ನಮ್ಮನ್ನು ಕಂಡಲ್ಲೆಲ್ಲ ಜನ ಚೀಲ ಬಿಗಿಯಾಗಿ ಹಿಡಿದುಕೊಳ್ಳಲಿ. ಕಳ್ಳರ ಮನೆಗೆ ಬಂದ ದಾದಿ ನಿಂತ ಕಾಲಲ್ಲೇ ಸೂಜಿ ಚುಚ್ಚಿ ಓಡಿಹೋಗುತ್ತಾಳೆ.

ಇಂತಿ,
ತಾಯಪ್ಪನ ಹೆಂಡತಿ ಸಾಬಮ್ಮ