ಅಪ್ಪನ ಮೂಗಿನ ಪರವಾಗಿ

ಜಾರ್ಜ್‌ಟೌನ್, ಟೆಕ್ಸಾಸ್, ಜನವರಿ ೨೦೧೪

ಹ್ಯೂಸ್ಟನ್ನಿನ ಡಾಕ್ಟರ್ ಹಯಗ್ರೀವನಿಗೆ ಅವನ ಅವ್ವ ಬರೆಯುವುದು:

ಅಪ್ಪನನ್ನು ನೋಡಲು ಬರುತ್ತೇನೆಂದು ನೀನು ಮೂರು ಸಲ ಮಾತು ಕೊಟ್ಟೆ, ಬರಲಿಲ್ಲ. ಅಪ್ಪನ ಮೂಗಿಗೆ ಮೆಣಸಿನ ಸಾರು ಮಾಡಿಕೊಡುತ್ತೇನೆಂದಳು ನಿನ್ನ ತಂಗಿ. ಆಮೇಲೆ ಹೊಗೆಗೆ ಅಲಾರಂ ಹೊಡೆದುಕೊಳ್ಳುತ್ತದೆಂದು ತನ್ನ ಈ ಮನೆಯಲ್ಲಿ ಒಗ್ಗರಣೆಯನ್ನೇ ನಿಷೇಧಿಸಿದಳು. ಇಲ್ಲಿಯ ಸೀಡರ್ ಮರಗಳ ಪರಾಗಕ್ಕೆ ಅಪ್ಪ ಹತ್ತು ದಿನದಿಂದ ಸೀನುತ್ತಿದ್ದಾರೆ. ನೀನು ಹೃದಯದ ಡಾಕ್ಟರು, ತಂಗಿ ಚರ್ಮದವಳು, ಅಳಿಯ ಹಲ್ಲಿನವರು. ಮೂಗು ಯಾರ ಇಲಾಖೆಗೂ ಸೇರುವುದಿಲ್ಲವಂತೆ!

ನಿನ್ನೆ ಅಪ್ಪ ಮೆಲ್ಲಗೆ ಕೇಳಿದರು: “ಎದಿನೋವು ಅಂತ ಹೇಳೂಣೇನ? ಹಂಗಂದ್ರರ ಬಂದಾನು.”

“ಸುಳ್ಳು ಬ್ಯಾಡ್ರಿ, ಚಳವಳಿ ಹೂಡೂಣು,” ಅಂದೆ.

ಕರೆಂಟ್ ಒಲೆಯನ್ನು ಗರಾಜಿಗೆ ಸಾಗಿಸಿದ್ದೇನೆ. ಇನ್ನು ಒಗ್ಗರಣೆ ಅಲ್ಲೇ. ಸ್ಟೆತಾಸ್ಕೋಪ್ ತರಬೇಡ, ಹಸಿದುಕೊಂಡು ಬಾ. ನಿನ್ನ ಕುರ್ಚಿಯನ್ನು ಅಪ್ಪ ಆಗಲೇ ಒರೆಸಿ ಹಾಕಿಟ್ಟಿದ್ದಾರೆ.

ಬಗ್ಗದ ನಿನ್ನ ಅವ್ವ,
ವಾರಿಜಾ

ಚಳವಳಿಯ ಸಭೆ: ಇದೇ ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಗರಾಜಿನಲ್ಲಿ.