ಏಳನೇ ತಿಂಗಳ ಗ್ರಹಣ

ಅರ್ಚನಾ, ಕಳಿಸುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಮೂರು ಸಲ ಕೂತೆ, ಮೂರು ಸಲ ಎದ್ದೆ.

ಇವತ್ತು ನಿನ್ನ ನಾದಿನಿ ಪುಷ್ಪಲತಾಳನ್ನು ಕೂಡ್ಲಿಗಿಗೆ ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋಗಿದ್ದೆ. ಪರದೆಯ ಮೇಲೆ ಕೂಸಿನ ಹೃದಯ ಪಟಪಟ ಬಡಿಯುತ್ತಿತ್ತು.

"ಮೊದಲು ಇದು ಬರೀ ಕೊಳವಿ ಇರತೈತಮ್ಮ," ಎಂದರು ಡಾಕ್ಟರಮ್ಮ. "ಆಮ್ಯಾಲ ಮಡಚಿಕೊಂಡು ಒಳಗ ಗೋಡಿ ಏಳತಾವ. ಎರಡು ತಿಂಗಳಿಗೇ ನಾಲ್ಕು ಕೋಣಿ ಆಗಿಬಿಡತಾವ."

"ಗೋಡ್ಯಾಗ ತೂತು ಉಳಿದ್ರ?" ಎಂದೆ ನಾನು.

"ಅದೂ ಆವಾಗ್ಲೇ ಉಳಿದಿರತೈತಿ."

"ಏಳನೇ ತಿಂಗಳಾಗ, ಗ್ರಹಣದ ಹೊತ್ತಿನ್ಯಾಗ ಈಳಿಗಿ ಹಿಡಿದ್ರ ತೂತು ಬೀಳಂಗಿಲ್ಲೇನ್ರಿ?"

ಅವರು ನಕ್ಕರು. "ಅದಕ್ಕೂ ಇದಕ್ಕೂ ಏನು ಸಂಬಂಧ? ಯಾಕ ಕೇಳ್ತೀರಿ?"

"ಸುಮ್ನ ಕೇಳಿದೆ."

ನಿನ್ನ ಕೂಸು ಹನ್ನೊಂದು ದಿನ ಬದುಕಿತ್ತು. ನೀನು ಗ್ರಹಣದಲ್ಲಿ ಬದನೆಕಾಯಿ ಹೆಚ್ಚಿದ್ದಕ್ಕೇ ಅದರ ಎದೆಯಲ್ಲಿ ತೂತು ಬಿತ್ತೆಂದು, ಮಣ್ಣಿಗೆ ಬಂದವರೆಲ್ಲರ ಎದುರು ಹೇಳಿದವಳು ನಾನು. ಎರಡು ವರ್ಷವಾಯಿತು, ತೆಲಿಗಿಯ ತವರಿಗೆ ಹೋದವಳು ನೀನು ತಿರುಗಿ ಬರಲಿಲ್ಲ.

ಹೊರಗೆ ಬಂದಾಗ ಪುಷ್ಪಲತಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಅವ್ವಾ, ಅತ್ತಿಗಿಗೆ ಫೋನ್ ಹಚ್ಚಲೇನು?" ಎಂದಳು.

"ಬಸ್ ಬಂತು, ನಡಿ," ಎಂದೆ.

ಬಸ್ ಬಂದಿರಲಿಲ್ಲ.